ಎರಡು ಮಂಗಳವಾರಗಳ ನಡುವೆ: ಕಲಬುರಗಿ ಜಿಲ್ಲೆಯ ಮಾನಸಿಕ ಆರೋಗ್ಯ ಸೇವೆ ಹೇಗಿದೆ?

ಮನಸ್ಸಿನ ಕಾಯಿಲೆಗೆ ಗುಳಿಗೆ ಬೇಕೆಂದರೆ ಸೊಲ್ಲಾಪುರವೋ ಹೈದರಾಬಾದೋ ಧಾರವಾಡವೋ ಗತಿ ಎಂಬ ಮಾತು ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೂ ಕಿವಿಗೆ ಬೀಳುತ್ತದೆ. ಆ ಮಾತು ಹಳತಾಗಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಮಂಗಳವಾರಗಳಂದು ಸರದಿಯ ಮೇಲೆ ತಾಲೂಕು ದವಾಖಾನೆಗಳಿಗೇ ಬರುತ್ತಾರೆ. ಇದರ ಹೆಸರು ಮನೋಚೈತನ್ಯ. ಗುಳಿಗೆ, ಸೂಜಿ ಉಚಿತ. ಇಡೀ ಕಾರ್ಯಕ್ರಮದ ಬೇರು ನಮಗೆ ದೂರದ್ದೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾಡಿ ತೋರಿಸಿದ ಮಾದರಿಯನ್ನೇ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ತಂದರು.

ಕಟ್ಟಡ, ಬೋರ್ಡು, ಹಾಸಿಗೆಗಳ ಲೆಕ್ಕದಿಂದ ಇಂಥ ಸೇವೆಯನ್ನು ಅಳೆಯಲಾಗದು. ಈ ವಿಮರ್ಶೆಗೆ ಹಿಡಿದ ಅಳತೆ ಒಂದೇ: ಒಬ್ಬರು ಗುಳಿಗೆ ನುಂಗುವುದನ್ನು ಬಿಟ್ಟರೆ, ಅದು ಎಷ್ಟು ದಿನಕ್ಕೆ, ಯಾರ ಗಮನಕ್ಕೆ ಬರುತ್ತದೆ?

ಮೊದಲು ಮಂಗಳವಾರದ ಕ್ಲಿನಿಕ್. ನಿಮ್ಮ ತಾಲೂಕಿನ ಸರದಿ ತಿಂಗಳ ಎಷ್ಟನೆಯ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದಲೋ ತಾಲೂಕು ದವಾಖಾನೆಯಿಂದಲೋ ಮೊದಲೇ ಕೇಳಿಕೊಳ್ಳಿ. ಕಮಲಾಪುರ, ಕಾಳಗಿ, ಶಹಾಬಾದ, ಯಡ್ರಾಮಿ ಹೊಸ ತಾಲೂಕುಗಳು. ಅಲ್ಲಿನವರು ಹಳೆಯ ತಾಲೂಕಿನ ದವಾಖಾನೆಗೆ ಹೋಗಬೇಕೋ ಹತ್ತಿರದಲ್ಲೇ ಆಗುತ್ತದೋ ಎಂದು ವಿಚಾರಿಸಿಯೇ ಬಸ್ ಹತ್ತುವುದು ಒಳ್ಳೆಯದು. ಆಧಾರ್ ಕಾರ್ಡ್, ಹಳೆಯ ಚೀಟಿಗಳೆಲ್ಲ, ಈಗ ನುಂಗುತ್ತಿರುವ ಗುಳಿಗೆಯ ಖಾಲಿ ಪಟ್ಟಿಗಳನ್ನು ಒಂದು ಚೀಲದಲ್ಲಿ ಒಯ್ಯಿರಿ. ರೋಗಿಯ ಜೊತೆ, ದಿನಾ ಅವರೊಂದಿಗೆ ಇರುವವರೇ ಬರಬೇಕು. ಬಿಡುವಿದೆಯೆಂದು ಬಂದ ದೂರದ ನೆಂಟರಿಂದ ಪ್ರಯೋಜನ ಕಡಿಮೆ.

ಸಾಲು ಉದ್ದವಿರುತ್ತದೆ, ವೈದ್ಯರ ಮುಂದೆ ಸಿಗುವ ಹೊತ್ತು ಕಡಿಮೆ. ಆದ್ದರಿಂದ ಹೇಳಬೇಕಾದ್ದನ್ನು ಮನೆಯಲ್ಲೇ ಬರೆದುಕೊಂಡು ಹೋಗುವುದು ಲೇಸು: ನಿದ್ದೆ ಎಷ್ಟು ತಾಸು, ಊಟ ಹೇಗಿದೆ, ಮಾತು ಹೇಗಿದೆ, ಹೊಲಮನೆ ಕೆಲಸ ಮಾಡುತ್ತಾರೋ ಇಲ್ಲವೋ, ಇದೆಲ್ಲ ಶುರುವಾಗಿದ್ದು ಯಾವಾಗ. ‘ತಲೆ ಕೆಟ್ಟೈತಿ’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ‘ಮೂರು ದಿನದಿಂದ ನಿದ್ದಿನೇ ಇಲ್ರಿ, ಒಬ್ಬನೇ ಮಾತಾಡ್ತಾನ, ರೊಟ್ಟಿಯೊಳಗ ವಿಷ ಹಾಕೀರಿ ಅಂತಾನ’ ಎಂದರೆ ಅರ್ಧ ತಪಾಸಣೆ ಮುಗಿದಂತೆ. ಉರ್ದು, ತೆಲುಗು, ಲಂಬಾಣಿ ಮಾತಾಡುವ ಮನೆಯವರು ಕನ್ನಡ ಬಲ್ಲ ಒಬ್ಬರನ್ನು ಕರೆತಂದರೆ ಅನುಕೂಲ.

ಇನ್ನು ಈ ಸೇವೆಯ ದೊಡ್ಡ ದೋಷ. ಇದು ಕ್ಯಾಲೆಂಡರಿನ ದೋಷ, ಹೆಚ್ಚಿನವರ ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ತಾಲೂಕಿನ ಸರದಿ ತಿಂಗಳ ಮೊದಲ ಮಂಗಳವಾರ ಎಂದುಕೊಳ್ಳಿ. ಒಂದು ಮೊದಲ ಮಂಗಳವಾರದಿಂದ ಮುಂದಿನ ತಿಂಗಳ ಮೊದಲ ಮಂಗಳವಾರಕ್ಕೆ 28 ದಿನ, ಇಲ್ಲವೇ 35 ದಿನ. ನಡುವಿನ ಸಂಖ್ಯೆ ಬರುವುದೇ ಇಲ್ಲ. ವರ್ಷದಲ್ಲಿ ಸುಮಾರು ನಾಲ್ಕು ಸಲ ಅದು 35 ದಿನ. ಆದರೆ ಗುಳಿಗೆ ಕೊಡುವುದು ಸಾಮಾನ್ಯವಾಗಿ 30 ದಿನಕ್ಕೆ. ಅಂದರೆ ವರ್ಷಕ್ಕೆ ನಾಲ್ಕು ಸಲ, ಯಾರದೂ ತಪ್ಪಿಲ್ಲದೆ, ಹಿಂದಿನ ಗುಳಿಗೆ ಉಳಿದಿರದಿದ್ದರೆ ಐದೈದು ದಿನ ಮನೆಯಲ್ಲಿ ಗುಳಿಗೆ ಇರುವುದಿಲ್ಲ. ಆ ಮಂಗಳವಾರ ಹಬ್ಬವೋ ಸರ್ಕಾರಿ ರಜೆಯೋ ಬಂದರೆ ಐದು ದಿನ ಹನ್ನೆರಡಾಗುತ್ತದೆ. ಇಲ್ಲದ ದನಿ ಕೇಳಿಸುವ, ಸುಳ್ಳು ಅನುಮಾನ ಕಾಡುವ ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಗುಳಿಗೆ ನಿಂತ ಕೂಡಲೇ ಏನೂ ಕಾಣದಿರಬಹುದು. ‘ಬಿಟ್ಟರೂ ಆರಾಮ ಇದ್ದಾನಲ್ಲ’ ಎಂಬ ಧೈರ್ಯ ಮನೆಯವರಿಗೆ ಬರುವುದು ಆಗಲೇ. ವಾರಗಳು ಕಳೆದ ಮೇಲೆ ನಿದ್ದೆ ಕೆಡುತ್ತದೆ, ಅನುಮಾನ ಹೊರಳಿ ಬರುತ್ತದೆ. ಮನೆಯವರು ಅದನ್ನು ಅಮಾವಾಸ್ಯೆಗೆ ಜೋಡಿಸುತ್ತಾರೆ, ಖಾಲಿಯಾದ ಪಟ್ಟಿಗೆ ಜೋಡಿಸುವುದಿಲ್ಲ.

ಪರಿಹಾರ ಸುಲಭವಿದೆ. ಚೀಟಿ ಬರೆಸುವಾಗಲೇ ಮುಂದಿನ ಸರದಿಯ ತಾರೀಖು ಕೇಳಿ, ದಿನ ಎಣಿಸಿ, ಅದರ ಮೇಲೆ ಏಳು ದಿನದ ಗುಳಿಗೆ ಹೆಚ್ಚಿಗೆ ಕೇಳಬೇಕು. ಕೊಡಲಾಗದಿದ್ದರೆ, ಅದೇ ಚೀಟಿ ತೋರಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಮುಂದುವರಿಸಿಕೊಳ್ಳಬಹುದು. ಮನೋವೈದ್ಯರು ಬರೆದ ಗುಳಿಗೆಯನ್ನು ಎಂಬಿಬಿಎಸ್ ವೈದ್ಯರು ಮುಂದುವರಿಸುವುದು ಈ ಕಾರ್ಯಕ್ರಮದ ಉದ್ದೇಶವೇ ಆಗಿದೆ. ಕೆಲವು ಕೇಂದ್ರಗಳಲ್ಲಿ ‘ಇದು ನಮ್ಮದಲ್ಲ, ಮಂಗಳವಾರ ಬನ್ನಿ’ ಎಂದು ವಾಪಸು ಕಳಿಸುವುದುಂಟು. ಅದು ಸರಿಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮಿನ ಪ್ರಕಾರ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮನೋರೋಗದ ಗುಳಿಗೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ದವಾಖಾನೆಗಳಲ್ಲಿ, ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು. ಮಂಗಳವಾರ ಮಾತ್ರ ಎಂದು ಕಾಯ್ದೆ ಎಲ್ಲೂ ಹೇಳಿಲ್ಲ.

ತಿಂಗಳ ಸೂಜಿಯ ವಿಷಯದಲ್ಲಿ ಸೇವೆ ಚೆನ್ನಾಗಿದೆ, ತಿಳಿವಳಿಕೆ ಕೊಡುವುದರಲ್ಲಿ ಮಾತ್ರ ಕೊರತೆ. ಗುಳಿಗೆ ಉಗುಳುವವರಿಗೆ, ಕಾಯಿಲೆಯೇ ಇಲ್ಲ ಎನ್ನುವವರಿಗೆ ಫ್ಲೂಫೆನಜಿನ್ ಡೆಕನೋಯೇಟ್ ಎಂಬ ಎಣ್ಣೆಯ ಸೂಜಿ ಕೊಡುತ್ತಾರೆ. 25 ಮಿಲಿಗ್ರಾಂ, ಅಂದರೆ ಒಂದು ಮಿಲಿಲೀಟರ್, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಕುಂಡೆಯ ಸ್ನಾಯುವಿನ ಆಳಕ್ಕೆ. ಎಣ್ಣೆ ಅಲ್ಲೇ ಕೂತು ಔಷಧವನ್ನು ಮೆಲ್ಲಗೆ ಬಿಡುತ್ತದೆ, ಹಾಗಾಗಿ ಸೂಜಿ ಚುಚ್ಚಿದ ಜಾಗವನ್ನು ತಿಕ್ಕಬಾರದು. ಒಂದೆರಡು ದಿನದಲ್ಲಿ ಕೆಲವರಿಗೆ, ಅದರಲ್ಲೂ ಹರೆಯದ ಗಂಡುಮಕ್ಕಳಿಗೆ, ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಹೊರಳಿ ನಿಲ್ಲುತ್ತದೆ, ನಾಲಿಗೆ ದಪ್ಪವಾಗಿ ಮಾತು ತೊದಲುತ್ತದೆ, ದವಡೆ ಬಿಗಿಯುತ್ತದೆ. ಹ್ಯಾಲೋಪೆರಿಡಾಲ್ ಎಂಬ ಇನ್ನೊಂದು ಮನೋರೋಗದ ಔಷಧ ಕೊಟ್ಟಾಗಲೂ ಹೀಗಾಗಬಹುದು. ನೋಡಿದವರ ಎದೆ ಝಲ್ಲೆನ್ನುತ್ತದೆ. ‘ದೆವ್ವ ಮೈಮೇಲೆ ಬಂತು, ಸೂಜಿಯಿಂದ ಕೆರಳಿತು’ ಎಂದು ಮನೆಯವರು ಔಷಧವನ್ನೇ ಬಿಡಿಸಿಬಿಡುತ್ತಾರೆ. ಇದು ಔಷಧದ ಅಡ್ಡ ಪರಿಣಾಮ, ಬೇರೇನೂ ಅಲ್ಲ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಯ್ದರೆ ಪ್ರೊಮೆಥಜಿನ್ ಸೂಜಿಗೆ ಸ್ವಲ್ಪ ಹೊತ್ತಿನಲ್ಲೇ ಬಿಗಿತ ಸಡಿಲಾಗುತ್ತದೆ. ಮುಂದೆ ಹಾಗಾಗದಂತೆ 2 ಮಿಲಿಗ್ರಾಂನ ಟ್ರೈಹೆಕ್ಸಿಫೆನಿಡಿಲ್ ಗುಳಿಗೆ ಬರೆಯುತ್ತಾರೆ. ಮೊದಲ ಸೂಜಿಯ ದಿನ ಈ ನಾಲ್ಕು ಮಾತನ್ನು ಮನೆಯವರಿಗೆ ಹೇಳಿ ಕಳಿಸುವ ದವಾಖಾನೆಯೇ ಒಳ್ಳೆಯ ದವಾಖಾನೆ. ಹೇಳದಿದ್ದರೆ ನೀವೇ ಕೇಳಿ: ‘ಕುತ್ತಿಗೆ ತಿರುಚಿದರೆ ಎಲ್ಲಿಗೆ ಬರಬೇಕು?’

ಕಲಬುರಗಿಯ ಬೇಸಿಗೆಗೆ ಬೇರೆಯೇ ಎಚ್ಚರಿಕೆ ಬೇಕು, ಚೀಟಿಯ ಮೇಲೆ ಅದನ್ನು ಬರೆಯುವವರು ಕಡಿಮೆ. ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಅತಿ ಖಿನ್ನತೆಗೆ ಹೊರಳುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಒಂದು ಉಪ್ಪು. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಸುರಕ್ಷಿತ ಮಟ್ಟಕ್ಕೂ ವಿಷದ ಮಟ್ಟಕ್ಕೂ ಅಂತರ ಬಹಳ ಸಣ್ಣದು. ಏಪ್ರಿಲ್, ಮೇ ತಿಂಗಳ 42, 43 ಡಿಗ್ರಿ ಬಿಸಿಲಿನಲ್ಲಿ ಹೊಲಕ್ಕೋ ಕಲ್ಲಿನ ಖಣಿಗೋ ಹೋಗಿ ಬೆವರು ಸುರಿಸುವವರಿಗೆ, ವಾಂತಿಭೇದಿ ಆದವರಿಗೆ, ನಿರಂತರ ಉಪವಾಸ ಹಿಡಿಯುವವರಿಗೆ ಇದು ನಿಜವಾದ ಅಪಾಯ. ಕೈ ಜೋರಾಗಿ ನಡುಗುವುದು, ಭೇದಿ, ವಾಂತಿ, ಕುಡಿದವರಂತೆ ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಗುಳಿಗೆ ನಿಲ್ಲಿಸಿ ಅಂದೇ ದವಾಖಾನೆಗೆ ಹೋಗಬೇಕು, ಮಂಗಳವಾರಕ್ಕೆ ಕಾಯಬಾರದು. ಮೈಕೈ ನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ರಕ್ತಪರೀಕ್ಷೆಗೆ ಹೋಗುವ ದಿನ, ಕೊನೆಯ ಗುಳಿಗೆ ನುಂಗಿ 12 ತಾಸು ಆದ ಮೇಲೆ ರಕ್ತ ಕೊಡಬೇಕು. ಬೆಳಗಿನ ಗುಳಿಗೆ ನುಂಗಿ ಕೂಡಲೇ ಕೊಟ್ಟರೆ ಮಟ್ಟ ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಟ್ರೈಹೆಕ್ಸಿಫೆನಿಡಿಲ್ ಬೆವರುವುದನ್ನೇ ಕಡಿಮೆ ಮಾಡುವುದರಿಂದ ಅದನ್ನು ನುಂಗುವವರಿಗೆ ಬಿಸಿಲಿನ ಹೊಡೆತ ಬೇಗ ತಾಗುತ್ತದೆ. ನಡುಮಧ್ಯಾಹ್ನ ನೆರಳಲ್ಲಿರಲಿ, ಮಜ್ಜಿಗೆ, ನೀರು ಕೈಗೆಟಕುವಂತಿರಲಿ.

ತೊಗರಿ ರಾಶಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವ ಮನೆಗಳಲ್ಲಿ ಚಿಕಿತ್ಸೆ ತುಂಡಾಗುವುದು ಸಾಮಾನ್ಯ. ಕ್ಲಿನಿಕ್‌ನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬರೀ ಖಾಲಿ ಜಾಗ ಉಳಿಯುತ್ತದೆ. ಹೊರಡುವ ಮೊದಲು ಔಷಧದ ಹೆಸರು, ಪ್ರಮಾಣ, ಹೊತ್ತು ಎಲ್ಲ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಸಿಕೊಂಡ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಹೋದ ಊರಿನ ಸರ್ಕಾರಿ ದವಾಖಾನೆಯಲ್ಲಿ ಅದೇ ಸಾಕಾಗುತ್ತದೆ.

ಗುಳಿಗೆ ಬಿಟ್ಟದ್ದು ಯಾರಿಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಮಂಗಳವಾರದ ಕೋಣೆಯಲ್ಲಿ ಸಿಗುವುದಿಲ್ಲ, ಓಣಿಯಲ್ಲಿ ಸಿಗುತ್ತದೆ. ಆಶಾ ಕಾರ್ಯಕರ್ತೆ ಇದ್ದಾರೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಪುನರ್ವಸತಿ ಕಾರ್ಯಕರ್ತರಲ್ಲಿ ಬಹುತೇಕರು ಸ್ವತಃ ವಿಕಲಚೇತನರು. ಗೌರವಧನ ಸಣ್ಣದು, ಊರುಗಳು ಹಲವು. ಇಷ್ಟಾದರೂ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಅಂಕ ಸಲ್ಲಬೇಕಾದ್ದು ಇವರಿಗೇ. ಯಾರ ಮನೆಯಲ್ಲಿ ಯಾರನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದಾರೆ, ಯಾರ ಮಗಳು ಮೂರು ತಿಂಗಳಿಂದ ಹೊರಗೆ ಕಂಡಿಲ್ಲ ಎಂಬುದು ಇವರಿಗೆ ಗೊತ್ತು. ಕೊರತೆ ಇರುವುದು ಹೊಂದಾಣಿಕೆಯಲ್ಲಿ. ಆಶಾ ಆರೋಗ್ಯ ಇಲಾಖೆಯವರು, ಪುನರ್ವಸತಿ ಕಾರ್ಯಕರ್ತರು ವಿಕಲಚೇತನರ ಇಲಾಖೆಯ ಕಡೆಯವರು. ಮಂಗಳವಾರ ಬಾರದವರ ಪಟ್ಟಿ ಬುಧವಾರ ಇವರಿಬ್ಬರ ಕೈಗೆ ಬಂದರೆ ಗುರುವಾರ ಯಾರಾದರೂ ಬಾಗಿಲು ಬಡಿಯಬಹುದು. ಆ ಒಂದು ಹಾಳೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ತಾನಾಗಿ ಹೋಗುವ ಏರ್ಪಾಡು ಇರುವಲ್ಲಿ ಸೇವೆ ಜೀವಂತವಾಗಿದೆ, ಇಲ್ಲದಲ್ಲಿ ಮನೆಯವರೇ ಅವರ ನಂಬರ್ ಇಟ್ಟುಕೊಂಡು ‘ಈ ಸಲ ಬರಲಾಗಲಿಲ್ಲ’ ಎಂದು ಹೇಳಬೇಕಾಗುತ್ತದೆ.

ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ಫೋಟೊ, ಸಹಿ ಅಥವಾ ಹೆಬ್ಬೆಟ್ಟು ಸಾಕು, ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಅರ್ಜಿ ಸುಲಭ, ಎಡವುವುದು ತಪಾಸಣೆಯಲ್ಲಿ. ಮನೋರೋಗದ ಅಂಗವೈಕಲ್ಯವನ್ನು ಐಡಿಯಾಸ್ ಎಂಬ ಅಳತೆಪಟ್ಟಿಯಿಂದ ಲೆಕ್ಕ ಹಾಕುತ್ತಾರೆ. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ, ಈ ನಾಲ್ಕಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಮತ್ತೆ ಅಂಕ: ಎರಡು ವರ್ಷದೊಳಗೆ 1, ಎರಡರಿಂದ ಐದು ವರ್ಷಕ್ಕೆ 2, ಆರರಿಂದ ಹತ್ತಕ್ಕೆ 3, ಹತ್ತು ದಾಟಿದರೆ 4. ಒಟ್ಟು 7 ಬಂದರೆ ಶೇ 40ರ ಗೆರೆ ಮುಟ್ಟಿದಂತೆ. ಸೌಲಭ್ಯಗಳೆಲ್ಲ ಆ ಗೆರೆಯಿಂದಲೇ ಶುರು.

ಒಂದು ಲೆಕ್ಕ ನೋಡಿ. ಸ್ವಂತ ಆರೈಕೆಗೆ 1, ಒಡನಾಟಕ್ಕೆ 1, ಮಾತಿಗೆ 1, ಕೆಲಸಕ್ಕೆ 2, ಒಟ್ಟು 5. ಕಾಯಿಲೆ ಎಂಟು ವರ್ಷದ್ದೆಂದು ಹಳೆಯ ಚೀಟಿಗಳು ಹೇಳಿದರೆ 3 ಸೇರಿ 8, ಅಂದರೆ ಶೇ 40ರ ಮೇಲೆ. ಹಳೆಯ ಚೀಟಿಗಳನ್ನು ಒಲೆಗೆ ಹಾಕಿ, ಹೋದ ವರ್ಷದ್ದೊಂದೇ ಉಳಿದಿದ್ದರೆ 1 ಸೇರಿ 6, ಗೆರೆಯ ಕೆಳಗೆ. ಅದೇ ಮನುಷ್ಯ, ಅದೇ ಕಾಯಿಲೆ. ಹಾಗಾಗಿ ಮೊಟ್ಟಮೊದಲ ಚೀಟಿ ಎಷ್ಟೇ ಹರಿದಿದ್ದರೂ, ಯಾವ ಖಾಸಗಿ ದವಾಖಾನೆಯದಾದರೂ ಜೋಪಾನವಾಗಿಡಿ. ಎರಡನೆಯ ತೊಡಕು ಮಾನಕ್ಕೆ ಅಂಜಿ ಕೊಡುವ ಉತ್ತರ. ‘ಜಳಕ ಮಾಡ್ತಾನೇನು?’ ಎಂದು ಕೇಳಿದರೆ ತಾಯಿ ‘ಮಾಡ್ತಾನ್ರಿ’ ಎನ್ನುತ್ತಾಳೆ. ಎಂಟು ದಿನಕ್ಕೊಮ್ಮೆ, ಅವಳೇ ಬಚ್ಚಲಿಗೆ ಕರೆದೊಯ್ದು, ನೀರು ಹಾಕಿ, ಅಂಗಿ ತೊಡಿಸಿದರೆ ಮಾಡುತ್ತಾನೆ ಎಂಬ ಪೂರ್ತಿ ಮಾತು ಹೊರಗೆ ಬರುವುದೇ ಇಲ್ಲ. ಪಟ್ಟಿಯಲ್ಲಿ ಸೊನ್ನೆ ಬೀಳುತ್ತದೆ. ಹೆಚ್ಚಿಗೆ ಹೇಳಬೇಕಿಲ್ಲ, ಮುಚ್ಚಲೂ ಬೇಕಿಲ್ಲ. ಯಾರ ನೆರವಿನಿಂದ, ಎಷ್ಟು ಸಲ ಹೇಳಿದ ಮೇಲೆ ಎಂಬುದನ್ನು ಸೇರಿಸಿ ಹೇಳಿದರೆ ಸಾಕು.

ಬುದ್ಧಿಮಾಂದ್ಯ ಮಕ್ಕಳ ತಪಾಸಣೆಯೇ ಬೇರೆ, ಅದಕ್ಕೆ ಬುದ್ಧಿಮತ್ತೆಯ ಪರೀಕ್ಷೆ ಬೇಕು. ಆ ಪ್ರಮಾಣಪತ್ರವನ್ನು 5, 10, 18ನೇ ವಯಸ್ಸಿಗೆ ನವೀಕರಿಸಬೇಕು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ, 1 ಲಕ್ಷ ರೂಪಾಯಿವರೆಗಿನದು, ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ಸ್ಕಿಜೋಫ್ರೇನಿಯಾ ಇರುವವರಿಗೆ ಅದು ಇಲ್ಲ. ಈ ವ್ಯತ್ಯಾಸ ತಿಳಿಯದೆ ಅಲೆಯುವ ಕುಟುಂಬಗಳನ್ನು ಕಂಡರೆ ಸಂಕಟವಾಗುತ್ತದೆ.

ವಿಕಲಚೇತನರ ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಶೇಕಡಾವಾರಿನ ಮೇಲೆ ಮೊತ್ತ ನಿಂತಿದೆ, 75ರ ಗೆರೆ ದಾಟಿದರೆ ಹೆಚ್ಚು. ಮಾಸಾಶನ ಇದ್ದಕ್ಕಿದ್ದಂತೆ ನಿಂತರೆ ಮೊದಲು ಎರಡು ನೋಡಿ: ತಾತ್ಕಾಲಿಕ ಪ್ರಮಾಣಪತ್ರದ ಅವಧಿ ಮುಗಿದಿದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿಯಿದೆಯೇ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಊರಿಂದ ಹತ್ತು ಗಂಟೆಯ ಬಸ್ ಹಿಡಿದರೆ ಕೆಲಸವಾಗುವುದಿಲ್ಲ. ವಿಕಲಚೇತನರ ರಿಯಾಯಿತಿ ಬಸ್ ಪಾಸ್ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ, ಪ್ರತಿವರ್ಷ ನವೀಕರಿಸಬೇಕು. ಶಕ್ತಿ ಯೋಜನೆ ಬಂದ ಮೇಲೆ ಕರೆತರುವ ತಾಯಿಗೆ, ಅಕ್ಕನಿಗೆ ಬಸ್ ಖರ್ಚಿಲ್ಲ. ಮಂಗಳವಾರದ ಸಾಲಿಗೆ ಇದರಿಂದ ಆದ ಉಪಕಾರ ದೊಡ್ಡದು.

ಹಗಲು ಆರೈಕೆಯ ಮಾನಸಧಾರ ಕೇಂದ್ರಗಳ ಕಲ್ಪನೆ ಬಹಳ ಒಳ್ಳೆಯದು. ಗುಳಿಗೆಯಿಂದ ಹದಕ್ಕೆ ಬಂದವರು ಬೆಳಗ್ಗೆ ಬಂದು ಕೈಕೆಲಸ, ಆಟ, ಜನರೊಂದಿಗೆ ಮಾತು ಕಲಿತು ಸಂಜೆ ಮನೆಗೆ ಹೋಗುವುದು. ಆದರೆ ಜಿಲ್ಲಾ ಕೇಂದ್ರದಲ್ಲಿ ಒಂದು ಕೇಂದ್ರವಿದ್ದರೆ ಚಿಂಚೋಳಿ, ಅಫಜಲಪುರದ ಹಳ್ಳಿಯವರು ದಿನಾ ಬಂದುಹೋಗುವ ಮಾತೇ ಇಲ್ಲ. ನಗರದವರಿಗೆ ಶಿಫಾರಸು ಮಾಡಬಹುದು. ಸೇರಿಸುವ ಮೊದಲು ಅರ್ಧ ದಿನ ಕೂತು ನೋಡಿ: ಜನ ಏನಾದರೂ ಮಾಡುತ್ತಿದ್ದಾರೋ, ಟಿವಿ ಮುಂದೆ ಕುಳ್ಳಿರಿಸಿದ್ದಾರೋ?

ಫೋನಿನ ಸೇವೆ ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ಉಚಿತ, ಹಗಲುರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು, ಅಗತ್ಯವಿದ್ದರೆ ಮೇಲಿನ ಹಂತದ ತಜ್ಞರು. ರಾತ್ರಿ ಎರಡಕ್ಕೆ ಯಾರೂ ಇಲ್ಲದಾಗ ಇದು ದೊಡ್ಡ ಆಸರೆ. ಗುಳಿಗೆ ಮನೆಗೆ ಬರುವುದಿಲ್ಲ, ಮನೆಗೆ ಯಾರೂ ಬರುವುದಿಲ್ಲ, ಅಷ್ಟೇ ಅದರ ಮಿತಿ. ಸಾಯುವ ಮಾತು ಆಡುವವರನ್ನು ಒಂಟಿಯಾಗಿ ಬಿಡಬೇಡಿ. ಹತ್ತಿ, ತೊಗರಿಗೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಡಬ್ಬಿಗಳನ್ನು ಅಂದೇ ಮನೆಯಿಂದ ಬೇರೆಯವರ ಮನೆಗೆ ಸಾಗಿಸಿ. ಏನಾದರೂ ಮಾಡಿಕೊಂಡಿದ್ದರೆ ‘ಪೊಲೀಸ್ ಕೇಸ್ ಆದೀತು’ ಎಂದು ಹೆದರಿ ತಡಮಾಡಬೇಡಿ, 108ಕ್ಕೆ ಕರೆ ಮಾಡಿ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಕಾಯ್ದೆ ಭಾವಿಸುತ್ತದೆ, ಅದಕ್ಕಾಗಿ ಶಿಕ್ಷಿಸುವಂತಿಲ್ಲ.

ಅದೇ ಕಾಯ್ದೆ ಸರಪಳಿ ಬಿಗಿಯುವುದನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಆಶ್ರಯಕ್ಕೆ ಬೆಂಕಿ ಬಿದ್ದಾಗ, ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸತ್ತರು. ಕಲಬುರಗಿ ಸ್ಟೇಷನ್ನಿನಲ್ಲೋ ವಾಡಿ ಜಂಕ್ಷನ್ನಿನಲ್ಲೋ ರೈಲಿನಿಂದಿಳಿದು ದಿಕ್ಕಿಲ್ಲದೆ ಅಲೆಯುವವರು ಕಂಡರೆ 112ಕ್ಕೆ ತಿಳಿಸಿ. ಪೊಲೀಸರು ರಕ್ಷಣೆಗೆ ತೆಗೆದುಕೊಂಡವರನ್ನು 24 ತಾಸಿನೊಳಗೆ ಸರ್ಕಾರಿ ದವಾಖಾನೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ.

ಗಾಣಗಾಪುರಕ್ಕೆ, ಬಂದೇ ನವಾಜರ ದರ್ಗಾಕ್ಕೆ ಹರಕೆ ಹೊತ್ತು ಹೋಗುವವರನ್ನು ಬೈಯುವ ಕಾರ್ಯಕರ್ತರೂ ಇದ್ದಾರೆ. ಅದು ತಪ್ಪು ದಾರಿ. ಬೈಸಿಕೊಂಡ ಮನೆಯವರು ಮುಂದಿನ ಮಂಗಳವಾರ ಬರುವುದಿಲ್ಲ. ಸಂಗಮದಲ್ಲಿ ಮಿಂದು ಬರಲಿ, ಚಾದರ ಹೊದಿಸಿ ಬರಲಿ, ಚೀಲದಲ್ಲಿ ಗುಳಿಗೆಯ ಪಟ್ಟಿ ಇರಲಿ, ಉಪವಾಸದ ದಿನವೂ ಅದನ್ನು ತಪ್ಪಿಸದಿರಲಿ.

ಆ ಪಟ್ಟಿಯ ಬೆನ್ನಿಗೆ, ಒಂದೊಂದು ಗುಳಿಗೆಯ ಹಿಂದೆ, ಪೆನ್ನಿನಿಂದ ತಾರೀಖು ಬರೆದಿಡಿ. ರಾತ್ರಿ ಅದನ್ನು ಒಡೆಯುವವರು ಅಕ್ಷರ ಬಾರದ ಅಜ್ಜಿಯಾದರೆ ತಾರೀಖಿನ ಬದಲು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಕುಂಕುಮದ ಬೊಟ್ಟು ಇಟ್ಟರಾಯಿತು. ಕ್ಯಾಲೆಂಡರಿನಲ್ಲಿ ಸತತ ಎರಡು ದಿನದ ಚೌಕಗಳು ಬೊಟ್ಟಿಲ್ಲದೆ ಕಂಡರೆ ಆಶಾ ಅಕ್ಕನಿಗೆ ಫೋನು ಹೋಗಬೇಕು.